ಗಿಣ್ಣು ಮತ್ತು ಗಂಟಲು

ಹಸು ಈದ ಮನೆಯಿಂದ ಒಂದು ಚೊಂಬು ಗಿಣ್ಣುಹಾಲು ಬಂತೆಂದರೆ ಬೆಂಗಳೂರಿನ ರಾಜಾಜಿನಗರದ ಅಡುಗೆಮನೆಯಲ್ಲಿ ಇವತ್ತಿಗೂ ಸಂಭ್ರಮ. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಕುಟ್ಟಿ ಹಾಕಿ, ಪಾತ್ರೆಯನ್ನು ಇಡ್ಲಿಯ ಹಬೆಯಲ್ಲಿ ಕೂರಿಸಿದರೆ ಸ್ವಲ್ಪ ಹೊತ್ತಿಗೆಲ್ಲ ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿ. ಹೆಪ್ಪು ಹಾಕಿಲ್ಲ, ಹಿಟ್ಟು ಬೆರೆಸಿಲ್ಲ. ಮಾಮೂಲಿ ಹಾಲನ್ನು ಎಷ್ಟು ಹೊತ್ತು ಹಬೆಯಲ್ಲಿಟ್ಟರೂ ಹೀಗಾಗುವುದಿಲ್ಲ. ಗಿಣ್ಣು ಗಟ್ಟಿಯಾಗುವುದು ಅದರಲ್ಲಿ ತುಂಬಿರುವ ಪ್ರೋಟೀನಿನಿಂದ. ಆ ಪ್ರೋಟೀನಿನಲ್ಲಿ ದೊಡ್ಡ ಪಾಲು ಪ್ರತಿಕಾಯಗಳದ್ದು, ಅಂದರೆ ರೋಗಾಣುಗಳನ್ನು ಗುರುತಿಸಿ ಹಿಡಿಯಲೆಂದೇ ಮೈ ತಯಾರಿಸುವ ಕಣಗಳದ್ದು. ತಟ್ಟೆಯ ಮೇಲೆ ಅಲುಗಾಡುವ ಆ ಹಳದಿ ತುಂಡು ಅಸಲಿಗೆ ಕರುವಿಗೆ ಸೇರಬೇಕಾದ ಕಾವಲು.

ಅದೇ ಮನೆಯಲ್ಲಿ ಮಗಳಿಗೋ ಸೊಸೆಗೋ ಹೆರಿಗೆಯಾದಾಗ ಅಜ್ಜಿಯ ಮಾತೇ ಬೇರೆ. "ಹಾಲಿನ್ನೂ ಇಳಿದಿಲ್ಲ ಕಣೇ, ಇದು ಬರೀ ಹಳದಿ ನೀರು, ಹಿಂಡಿ ಚೆಲ್ಲು. ಕೂಸಿನ ಗಂಟಲು ಒಣಗುತ್ತೆ, ಒಂದು ಹನಿ ಸಕ್ಕರೆ ನೀರು ನೆಕ್ಕಿಸು." ಹಸುವಿನ ಗಿಣ್ಣಿಗೆ ಏಲಕ್ಕಿಯ ಮರ್ಯಾದೆ, ಹೆಂಗಸಿನ ಗಿಣ್ಣಿಗೆ ಬಚ್ಚಲಿನ ದಾರಿ.

ಅಜ್ಜಿಯ ಮಾತಿನಲ್ಲಿ ಒಂದು ಪದ ಮಾತ್ರ ತೂಕದ್ದು. ಗಂಟಲು.

ತಾಯಿಯ ಹೊಟ್ಟೆಯಿಂದ ಹೊರಬಂದ ಗಳಿಗೆಯಲ್ಲಿ ಕೂಸಿನ ಗಂಟಲು ಹೆಚ್ಚುಕಡಿಮೆ ಖಾಲಿ ಸೈಟು. ವಿಜಯನಗರದವರಿಗೆ ಖಾಲಿ ಸೈಟಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ಬೇಲಿ ಹಾಕುವುದು ಒಂದು ವಾರ ತಡವಾದರೆ ಯಾರೋ ಒಬ್ಬರು ಗಾಡಿ ತಂದು ನಿಲ್ಲಿಸಿರುತ್ತಾರೆ. ಗಂಟಲಿನ ಸೈಟಿಗೆ ವಾರವೂ ಬೇಕಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಹೆರಿಗೆಯ ದಾರಿಯಿಂದ, ಅವಳ ಚರ್ಮದಿಂದ, ಎದೆಯಿಂದ, ಎತ್ತಿಕೊಂಡವರ ಕೈಯಿಂದ ಬ್ಯಾಕ್ಟೀರಿಯಾಗಳು ಬಂದು ಇಳಿಯತೊಡಗುತ್ತವೆ. ಆರೋಗ್ಯವಂತ ಕೂಸಿನಲ್ಲಿ ಮೊದಲು ತಳವೂರುವವು ಸಾಮಾನ್ಯವಾಗಿ ಸಾಧು ಸ್ವಭಾವದ ಸ್ಟ್ರೆಪ್ಟೊಕಾಕಸ್‌ಗಳು. ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲನ್ನು ಮೆಲ್ಲಗೆ ಸವರಿ, ಕುರಿಯ ರಕ್ತ ಬೆರೆಸಿದ ಕೆಂಪು ಅಗರ್ ತಟ್ಟೆಯ ಮೇಲೆ ಎಳೆದು, ಮೈಯಷ್ಟೇ ಕಾವಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಅವುಗಳ ಗುರುತು ಕಾಣುತ್ತದೆ: ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಒಂದೊಂದರ ಸುತ್ತಲೂ ಮಸುಕು ಹಸಿರು ಬಳೆ. ಪ್ರಯೋಗಾಲಯದವರು ಈ ಹಸಿರು ಬಳೆ ಕಂಡರೆ ನಿರಾಳರಾಗುತ್ತಾರೆ. ಅಪಾಯದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ದಪ್ಪ ಲೋಳೆಯ ಗುಡ್ಡೆಗಳೇ ತಟ್ಟೆ ತುಂಬ ಎದ್ದಿದ್ದರೆ ಹುಬ್ಬು ಗಂಟಾಗುತ್ತದೆ.

ಈ ಹಸಿರು ಬಳೆಯವರ ಬೆಲೆ ಎಷ್ಟೆಂಬುದನ್ನು ನ್ಯೂಯಾರ್ಕಿನ ಕ್ಯಾಥರಿನ್ ಸ್ಪ್ರಂಟ್ ಮತ್ತು ಅವರ ಸಂಗಡಿಗರು 1978 ಮತ್ತು 1980ರಲ್ಲಿ ತೋರಿಸಿದರು. ತೀವ್ರ ನಿಗಾ ಘಟಕದ ನವಜಾತ ಶಿಶುಗಳ ಗಂಟಲಿನಲ್ಲಿ ಸಾಧು ಸ್ಟ್ರೆಪ್ಟೊಕಾಕಸ್‌ಗಳ ಬದಲು ಅಪಾಯದ ಬ್ಯಾಕ್ಟೀರಿಯಾ ಒಂದೇ ಜಾತಿಯದು ಹಬ್ಬಿಕೊಂಡಿದ್ದರೆ ಅಂಥ ಕೂಸುಗಳಿಗೆ ಸೋಂಕಿನ ಭಯ ಹೆಚ್ಚು ಎಂದು ಅವರು ಕಂಡುಕೊಂಡರು. ಆಮೇಲೆ ಮಾಡಿದ ಕೆಲಸ ಇನ್ನೂ ಧೈರ್ಯದ್ದು. 215 ಎಂಬ ಸಂಖ್ಯೆಯ ಸಾಧು ಸ್ಟ್ರೆಪ್ಟೊಕಾಕಸ್ ತಳಿಯನ್ನು ಬೇಕೆಂದೇ ಕೂಸಿನ ಗಂಟಲಿಗೆ ಬಿತ್ತಿದರು. ಗಂಟಲು ಸಹಜ ಸ್ಥಿತಿಗೆ ಮರಳಿತು. ಕಳೆ ಕೀಳುವ ಬದಲು ಪೈರನ್ನೇ ಒತ್ತಾಗಿ ನೆಟ್ಟಂತೆ.

ಹಾಲು ಈ ಕಥೆಯೊಳಗೆ ಬರುವುದು ಹೇಗೆ? ಅದಕ್ಕೆ 1892ರ ಜರ್ಮನಿಗೆ, ಅಲ್ಲಿಯೂ ನಮ್ಮ ಹಿತ್ತಿಲಿನ ಎರಡು ಬೀಜಗಳ ಬಳಿಗೆ ಹೋಗಬೇಕು. ಪಾಲ್ ಎರ್ಲಿಖ್ ಎಂಬ ವಿಜ್ಞಾನಿ ಇಲಿಗಳಿಗೆ ವಿಷದ ಅಭ್ಯಾಸ ಮಾಡಿಸುತ್ತಿದ್ದ. ಒಂದು ವಿಷ ಹರಳಿನ ಬೀಜದ್ದು, ಇನ್ನೊಂದು ಗುಲಗಂಜಿಯದು. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗುವ ಕೆಂಪು-ಕಪ್ಪು ಗುಲಗಂಜಿಯೇ. ವಿಷ ತಾಳಿಕೊಳ್ಳಲು ಕಲಿತ ತಾಯಿ ಇಲಿಯ ಮರಿಗಳನ್ನು ಕಲಿಯದ ತಾಯಿಗೂ, ಇವಳ ಮರಿಗಳನ್ನು ಅವಳಿಗೂ ಅದಲುಬದಲು ಮಾಡಿ ಹಾಲು ಕುಡಿಸಿದ. ಏನೂ ಕಲಿಯದ ತಾಯಿಗೆ ಹುಟ್ಟಿದ್ದರೂ ಕಲಿತವಳ ಹಾಲು ಕುಡಿದ ಮರಿಗಳು ವಿಷ ತಾಳಿಕೊಂಡವು. ರಕ್ಷಣೆ ಹಾಲಿನಲ್ಲಿಯೂ ಹರಿಯುತ್ತದೆ ಎಂಬುದಕ್ಕೆ ಅದು ಮೊದಲ ಗಟ್ಟಿ ಸಾಕ್ಷ್ಯಗಳಲ್ಲಿ ಒಂದು.

ಆದರೆ ಇಲಿ ಬೇರೆ, ಕರು ಬೇರೆ, ಮನುಷ್ಯರ ಕೂಸು ಬೇರೆ. ಕರು ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯಗಳೇ ಇಲ್ಲವೆನ್ನಬಹುದು. ಹಸುವಿನ ಮಾಸು ಅವನ್ನು ಒಳಕ್ಕೆ ಬಿಡುವುದಿಲ್ಲ. ಅದಕ್ಕೇ ಕರು ಮೊದಲ ದಿನದೊಳಗೆ ಗಿಣ್ಣು ಕುಡಿಯಲೇಬೇಕು. ಆಗ ಅದರ ಕರುಳು ಪ್ರತಿಕಾಯಗಳನ್ನು ನೇರ ರಕ್ತಕ್ಕೆ ಎಳೆದುಕೊಳ್ಳುತ್ತದೆ, ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿದಂತೆ. ನಮ್ಮ ಕೂಸಿಗೆ ರಕ್ತದ ಪಾಲು ಹುಟ್ಟುವ ಮೊದಲೇ, ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ, ಮಾಸಿನ ಮೂಲಕ ಬಂದಿರುತ್ತದೆ. ಹಾಲಿನ ಪ್ರತಿಕಾಯ ಅದರ ರಕ್ತಕ್ಕೆ ಇಳಿಯುವುದು ತೀರ ಅಲ್ಪ. ಹಾಗಾದರೆ ಹೆಂಗಸಿನ ಹಾಲಿನಲ್ಲಿ ಅಷ್ಟೊಂದು ಪ್ರತಿಕಾಯ ಯಾಕಿದೆ?

ಉತ್ತರದ ಎಳೆ ಸಿಕ್ಕಿದ್ದು ಸ್ವೀಡನ್ನಿನ ಲಾರ್ಸ್ ಓಕೆ ಹಾನ್ಸನ್ ಅವರಿಗೆ, 1961ರಲ್ಲಿ. ಹಾಲಿನ ಪ್ರತಿಕಾಯ ರಕ್ತದ್ದರ ಹಾಗಿಲ್ಲ ಎಂದು ಅವರು ತೋರಿಸಿದರು. ಇಂದು ಅದನ್ನು ಸ್ರವಿಸುವ ಐಜಿಎ ಎನ್ನುತ್ತಾರೆ. ಎರಡು ಪ್ರತಿಕಾಯಗಳು ಬೆನ್ನಿಗೆ ಬೆನ್ನು ಕೊಟ್ಟು ಬೆಸೆದುಕೊಂಡಿರುತ್ತವೆ, ಮೇಲೊಂದು ಪ್ರೋಟೀನಿನ ಹೊದಿಕೆ ಇರುತ್ತದೆ. ಆ ಹೊದಿಕೆಯ ದೆಸೆಯಿಂದ ಅದು ಬಾಯಿ, ಗಂಟಲು, ಕರುಳಿನ ಜೀರ್ಣರಸಗಳಲ್ಲಿ ಸುಲಭವಾಗಿ ಒಡೆಯುವುದಿಲ್ಲ. ರಕ್ತಕ್ಕೆ ಹೋಗುವುದು ಇದರ ಉದ್ಯೋಗವೇ ಅಲ್ಲ. ಒದ್ದೆ ಗೋಡೆಗಳ ಮೇಲೆ ಇರುವುದು, ಬಂದ ರೋಗಾಣುವನ್ನು ಸುತ್ತಿ ಮುದ್ದೆ ಮಾಡಿ ಅಲ್ಲಿ ಅಂಟದಂತೆ ನೋಡಿಕೊಳ್ಳುವುದು, ಇಷ್ಟೇ ಕೆಲಸ. ಕೊಲ್ಲುವ ರಂಪವಿಲ್ಲ, ಊತವಿಲ್ಲ, ಜ್ವರವಿಲ್ಲ. ಅಂಟಲಾಗದ ಬ್ಯಾಕ್ಟೀರಿಯಾ ಹಾಲಿನ ಜೊತೆ ನುಂಗಿಹೋಗುತ್ತದೆ. ಹಾನ್ಸನ್ ಅವರ ಬಳಗವೇ 1986ರಲ್ಲಿ ಇನ್ನೊಂದು ವಿಷಯ ತೋರಿಸಿತು. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಮತ್ತು ಹಿಮೋಫಿಲಸ್ ಗಂಟಲಿನ ಕೋಶಗಳಿಗೆ ಅಂಟುವುದನ್ನು ತಾಯಿಹಾಲು ತಡೆಯುತ್ತದೆ, ಹಾಗೆ ತಡೆಯುವುದರಲ್ಲಿ ಹಾಲಿನ ವಿಶೇಷ ಸಕ್ಕರೆಗಳದ್ದೂ ಕೈಯಿದೆ. ನೂರಕ್ಕೂ ಹೆಚ್ಚು ಬಗೆಯ ಈ ಸಕ್ಕರೆಗಳನ್ನು ಕೂಸು ಅರಗಿಸಿಕೊಳ್ಳಲಾರದು. ಅರಗದ ಸಕ್ಕರೆಯನ್ನು ತಾಯಿ ಯಾಕೆ ಮಾಡಬೇಕು ಎಂದು ವಿಜ್ಞಾನಿಗಳು ಬಹುಕಾಲ ತಲೆ ಕೆರೆದುಕೊಂಡರು. ಉತ್ತರ ಇದು: ಆ ಸಕ್ಕರೆಗಳಲ್ಲಿ ಕೆಲವು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟ, ಇನ್ನು ಕೆಲವು ಕೆಟ್ಟವುಗಳಿಗೆ ಹುಸಿ ಗುರಿ.

ಮೊದಲ ದಿನಗಳ ಹಳದಿ ಹಾಲಿನಲ್ಲಿ ಈ ಐಜಿಎ ಅತಿ ದಟ್ಟ. ಲೀಟರಿಗೆ ಹತ್ತು ಗ್ರಾಮಿನ ಆಸುಪಾಸಿಗೂ ಹೋಗುತ್ತದೆ, ಆಮೇಲೆ ಇಳಿದು ಒಂದು ಗ್ರಾಮಿನ ಸುತ್ತ ನಿಲ್ಲುತ್ತದೆ. ಬರುವುದು ಮಾತ್ರ ಚಮಚಗಳ ಲೆಕ್ಕ. ಕೂಸಿನ ಹೊಟ್ಟೆಗೂ ಅಷ್ಟೇ ಸಾಕು. "ಹಾಲೇ ಬಂದಿಲ್ಲ" ಎಂದು ಕಂಗಾಲಾಗುವ ಮನೆಯವರು ನೋಡುತ್ತಿರುವುದು ಅಳತೆಯನ್ನು, ನೋಡಬೇಕಾದದ್ದು ಅಂಟನ್ನು. ಹಳದಿ ಹಾಲು ಬೆರಳಿಗೆ ಜಿಗುಟಾಗಿ ಹತ್ತುತ್ತದೆ.

ಕೂಸಿನ ಜೊಲ್ಲಿಗೂ ಇದರಲ್ಲಿ ಪಾತ್ರವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಕೆಲಸ ಸೊಗಸಾಗಿದೆ. ನವಜಾತ ಶಿಶುವಿನ ಜೊಲ್ಲಿನಲ್ಲಿ ಕ್ಸಾಂಥೀನ್ ಜಾತಿಯ ವಸ್ತುಗಳು ಹೇರಳ, ತಾಯಿಹಾಲಿನಲ್ಲಿ ಅವುಗಳ ಮೇಲೆ ಕೆಲಸ ಮಾಡುವ ಕಿಣ್ವವಿದೆ. ಎರಡೂ ಬಾಯಲ್ಲಿ ಸೇರಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಗಾಯ ತೊಳೆಯಲು ಔಷಧದ ಅಂಗಡಿಯಲ್ಲಿ ಕೊಳ್ಳುವ ಅದೇ ದ್ರವ, ಆದರೆ ಅತಿ ಸಣ್ಣ ಪ್ರಮಾಣದಲ್ಲಿ. ಅದು ಸ್ಟೆಫಿಲೊಕಾಕಸ್, ಸಾಲ್ಮೊನೆಲ್ಲಾದಂಥವನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಮೊದಲ ಗುಟುಕು ಏನೆಂಬುದು ಮುಖ್ಯ. ಸಕ್ಕರೆ ನೀರಿಗೆ ಈ ಯಾವ ವಿದ್ಯೆಯೂ ಗೊತ್ತಿಲ್ಲ.

ನೆದರ್ಲೆಂಡ್ಸಿನಲ್ಲಿ 2014ರಲ್ಲಿ ಆರು ವಾರದ 202 ಕೂಸುಗಳ ಮೂಗಿನಾಳದ ಬ್ಯಾಕ್ಟೀರಿಯಾ ಪಟ್ಟಿ ಪ್ರಕಟವಾಯಿತು. ಅರ್ಧ ಎದೆಹಾಲಿನ ಕೂಸುಗಳು, ಅರ್ಧ ಡಬ್ಬಿ ಹಾಲಿನವು. ಎದೆಹಾಲಿನವುಗಳಲ್ಲಿ ಕೊರಿನೆಬ್ಯಾಕ್ಟೀರಿಯಂ, ಡಾಲೊಸಿಗ್ರಾನುಲಮ್ ಎಂಬ ಸ್ನೇಹಿತ ಕುಲಗಳು ಹೆಚ್ಚಿದ್ದವು, ಸ್ಟೆಫಿಲೊಕಾಕಸ್ ಕಡಿಮೆ. ಆರು ತಿಂಗಳಿಗೆ ಈ ವ್ಯತ್ಯಾಸ ಅಳಿಸಿಹೋಗಿತ್ತು. ಅಂದಮೇಲೆ ಎದೆಹಾಲು ಕುಡಿದ ಕೂಸಿನ ಗಂಟಲಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ನ್ಯುಮೊಕಾಕಸ್ ಕೂಡ ಒಂದಲ್ಲ ಒಂದು ದಿನ ಬಂದು ಕೂರುತ್ತದೆ. ಹಾಲು ಮಾಡುವುದು ಬಂದವನಿಗೆ ಬೇರು ಬಿಡಲು ಕಷ್ಟವಾಗುವಂತೆ, ಎದೆಗೂಡಿಗೆ ಇಳಿಯುವುದು ತಡವಾಗುವಂತೆ. ಅದರ ಬೆಲೆ ಎಷ್ಟೆಂದು ಬ್ರೆಜಿಲಿನ ದಕ್ಷಿಣ ಭಾಗದಲ್ಲಿ ಸೆಸರ್ ವಿಕ್ಟೋರಾ ಮತ್ತು ಸಂಗಡಿಗರು 1987ರಲ್ಲಿ ಲೆಕ್ಕ ಹಾಕಿದರು. ಎದೆಹಾಲು ಇಲ್ಲದ ಕೂಸುಗಳಲ್ಲಿ ಬೇಧಿಯಿಂದ ಸಾಯುವ ಅಪಾಯ 14.2 ಪಟ್ಟು, ಉಸಿರಾಟದ ಸೋಂಕಿನಿಂದ ಸಾಯುವ ಅಪಾಯ 3.6 ಪಟ್ಟು.

ಪಶ್ಚಿಮ ಬೆಂಗಳೂರಿನ ಬಾಣಂತಿಗೆ ಇದರಲ್ಲಿ ಒಂದು ಊರಿನ ವಿಷಯವೂ ಇದೆ. ತಾಯಿ ವಿಜಯನಗರದ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಾಳೆ, ಕೆಂಗೇರಿಯ ಬಸ್ಸಿನಲ್ಲಿ ಕಿಕ್ಕಿರಿದು ನಿಲ್ಲುತ್ತಾಳೆ, ಬಸವೇಶ್ವರನಗರದ ಶಾಲೆಯಿಂದ ದೊಡ್ಡ ಮಗ ತಂದ ನೆಗಡಿಯನ್ನು ತಾನೂ ಹಿಡಿಸಿಕೊಳ್ಳುತ್ತಾಳೆ. ಅವಳ ಕರುಳು ಮತ್ತು ಉಸಿರುದಾರಿಯ ಗೋಡೆಯಲ್ಲಿ ಆ ರೋಗಾಣುಗಳ ಪರಿಚಯ ಮಾಡಿಕೊಂಡ ಬಿಳಿ ರಕ್ತಕಣಗಳು ರಕ್ತದಲ್ಲಿ ಹರಿದು ಎದೆಗೆ ಬಂದು ನೆಲೆಸುತ್ತವೆ, ಅಲ್ಲಿ ಆಯಾ ರೋಗಾಣುವಿಗೆ ತಕ್ಕ ಐಜಿಎಯನ್ನು ಹಾಲಿಗೆ ಬಿಡುತ್ತವೆ. ಹಾಗಾಗಿ ಕೆಂಗೇರಿಯ ತಾಯಿಯ ಹಾಲಿನಲ್ಲಿ ಇರುವುದು ಕೆಂಗೇರಿಯ ಗಾಳಿಗೆ ಉತ್ತರ. ತವರಿನ ಬಾಣಂತನ ಮುಗಿಸಿ ತುಮಕೂರಿನಿಂದಲೋ ಹಾಸನದಿಂದಲೋ ಐದನೇ ತಿಂಗಳಿಗೆ ಗಂಡನ ಮನೆಗೆ ಬಂದರೆ ಹೊಸ ಮನೆಯ ರೋಗಾಣು ಮೊದಲು ತಾಯಿಗೂ ತಾಗುತ್ತದೆ, ಕೆಲವು ದಿನಗಳಲ್ಲಿ ಹಾಲೂ ಅದಕ್ಕೆ ಹೊಂದಿಕೊಳ್ಳುತ್ತದೆ. ಯಾವ ಡಬ್ಬಿಯೂ ಪಿನ್‌ಕೋಡ್ ನೋಡಿ ಬದಲಾಗುವುದಿಲ್ಲ. ನೆಗಡಿಯಾದ ತಾಯಿ ಮಗುವಿಗೆ ಹಾಲು ಬಿಡಿಸಬೇಕು ಎನ್ನುವ ಸಲಹೆಯೂ ಇಲ್ಲಿಗೆ ತಲೆಕೆಳಗಾಯಿತು. ಮಾಸ್ಕ್ ಕಟ್ಟಿಕೊಂಡು, ಕೈ ತೊಳೆದುಕೊಂಡು ಕುಡಿಸುವುದೇ ಸರಿ.

ಇಷ್ಟು ಹೇಳಿ ತಪ್ಪೆಲ್ಲವನ್ನೂ ಅಜ್ಜಿಯ ತಲೆಗೆ ಕಟ್ಟಿದರೆ ಅನ್ಯಾಯ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗುವುದು ಸುಮಾರು ಅರ್ಧದಷ್ಟು ಕೂಸುಗಳಿಗೆ. ದೇಶದ ಸರಾಸರಿ ಇನ್ನೂ ಕಡಿಮೆ, ನೂರಕ್ಕೆ 41.8. ಅಂದರೆ ಆ ಗಂಟೆ ಕಳೆದುಹೋಗುತ್ತಿರುವುದು ಡಾಕ್ಟರು, ನರ್ಸುಗಳ ಕಣ್ಣೆದುರಿಗೇ. ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ 31.5 ಸಿಸೇರಿಯನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ತಾಯಿಗೆ ಎಚ್ಚರವಿರುತ್ತದೆ, ಸೊಂಟದ ಕೆಳಗೆ ಮಾತ್ರ ಮರಗಟ್ಟಿರುತ್ತದೆ. ಒಬ್ಬರು ಹಿಡಿದುಕೊಂಡರೆ ಕೂಸು ಎದೆ ಕಚ್ಚಿಕೊಳ್ಳಬಲ್ಲದು. ಹಿಡಿದುಕೊಳ್ಳುವ ಆ ಒಬ್ಬರು ಸಿಗುವುದಿಲ್ಲ. ಕೂಸನ್ನು ಒರೆಸಿ, ತೂಕ ನೋಡಿ, ಬಟ್ಟೆ ಸುತ್ತಿ ಹೊರಗೆ ಕಾಯುವವರ ಕೈಗೆ ಕೊಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಜೇನುತುಪ್ಪದ ಶೀಸೆ ಹೊರಬರುವುದು ಮನುಷ್ಯ ಸಹಜ. ಒಂದು ವರ್ಷ ತುಂಬುವವರೆಗೆ ಜೇನು ಕೂಡದು ಎನ್ನುವುದಕ್ಕೆ ಕಾರಣ ಬೇರೆಯೇ ಇದೆ. ಅದರಲ್ಲಿ ಇರಬಹುದಾದ ಬೊಟುಲಿಸಂ ಬೀಜಕಣಗಳು ಕೂಸಿನ ಕರುಳಿನಲ್ಲಿ ಮೊಳೆತು ವಿಷ ಮಾಡಬಲ್ಲವು.

ಮನೆಗೆ ಬಂದ ಮೇಲೆ ಗಂಟಲಿನ ಮೇಲೆ ಇನ್ನೂ ಎರಡು ದಾಳಿ. ಒಂದು ಬಚ್ಚಲಮನೆಯಲ್ಲಿ. ಎರೆಯಲು ಬರುವ ಹೆಂಗಸು ಕಾಲು ಚಾಚಿ ಕೂತು, ಕೂಸನ್ನು ಅಂಗಾತ ಮಲಗಿಸಿಕೊಂಡು, ಹದ ನೋಡಿ ಬಿಸಿನೀರು ಹಾಕುವ ಕೈಚಳಕ ನೋಡಲು ಚೆಂದ. ಕೊನೆಗೆ ಮಾತ್ರ "ಕಫ ತೆಗೀತೀನಿ" ಎಂದು ಬೆರಳನ್ನು ಗಂಟಲಿಗೆ ಇಳಿಸುತ್ತಾರೆ, ಮೂಗಿಗೆ ಊದುತ್ತಾರೆ, ಎರಡು ಹನಿ ಎಣ್ಣೆ ಬಿಡುತ್ತಾರೆ. ಉಗುರಿನ ಸಂದಿಯ ಸ್ಟೆಫಿಲೊಕಾಕಸ್‌ಗೆ ಇದಕ್ಕಿಂತ ನೇರ ದಾರಿ ಬೇಕಿಲ್ಲ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಕೂಸುಗಳನ್ನು ವೈದ್ಯರು ನೋಡಿದ್ದಾರೆ. ನೀರು ಹಾಕಲಿ, ಮೈ ತೀಡಲಿ, ಬೆರಳು ತುಟಿಯ ಹೊರಗೇ ಇರಲಿ.

ಇನ್ನೊಂದು ಬೀದಿಯಲ್ಲಿ. ಬೆಳಗಿನ ಹೊತ್ತು ಮರಿಯೊಂದಿಗೆ ಕತ್ತೆ ಹೊಡೆದುಕೊಂಡು "ಕತ್ತೆ ಹಾಲು" ಎಂದು ಕೂಗುತ್ತ ಬರುವವರನ್ನು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇನ್ನೂ ಕಾಣಬಹುದು. ಚಮಚದ ಲೆಕ್ಕದ ಹಾಲು, ಕೂಸಿನ ಕೆಮ್ಮು ಹೋಗುತ್ತದೆ, ಗಂಟಲು ತೆರೆಯುತ್ತದೆ ಎಂಬ ನಂಬಿಕೆ. ಕತ್ತೆಯ ಹಾಲಿನಲ್ಲಿಯೂ ಪ್ರತಿಕಾಯಗಳಿವೆ, ಕತ್ತೆಮರಿಗೆ ಬೇಕಾದವು. ಕಾಯಿಸದೆ ಕುಡಿಸುವ ಆ ಹಾಲಿನ ಜೊತೆ ಕೆಚ್ಚಲಿನದೂ ಕೈಯದೂ ಏನೇನು ಇಳಿಯುತ್ತದೋ. ಸಾಣೆಕಲ್ಲಿನ ಮೇಲೆ ತೇಯ್ದ ಬಜೆಯದೂ ಇದೇ ಕಥೆ. ಬೆಳ್ಳಿಯ ಒಳಲೆಯನ್ನು ಮಾತ್ರ ಎಸೆಯಬೇಕಾಗಿಲ್ಲ. ಎದೆ ಕಚ್ಚಲಾರದ ಕೂಸಿಗೆ ಹಿಂಡಿದ ತಾಯಿಹಾಲು ಕುಡಿಸಲು ಅದು ಒಳ್ಳೆಯ ಸಾಧನ, ತೊಳೆದು ಕುದಿಸಿದರೆ. ಬಾಟಲಿಯ ರಬ್ಬರಿಗಿಂತ ಒಳಲೆಯ ಮೂತಿ ಶುಚಿ ಮಾಡುವುದು ಸುಲಭ.

ಹಿಂಡಿದ ಹಾಲಿನ ಮಾತು ಬಂದದ್ದರಿಂದ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ನೆನಪಾಗುತ್ತದೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು, ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವು ಬೇರೆ. ಇದು ಮಾಲೀಕರ ಔದಾರ್ಯವಲ್ಲ, ಕಾನೂನು. ಮನೆಯಲ್ಲಿ ಬಿಟ್ಟು ಹೋಗುವವರು ಶುಭ್ರ ಸ್ಟೀಲ್ ಬಟ್ಟಲಿಗೆ ಹಿಂಡಿ ಮುಚ್ಚಿಟ್ಟರೆ ತಣ್ಣನೆಯ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ಒಲೆಯ ಮೇಲೆ ಕಾಯಿಸಬಾರದು. ಕುದಿದರೆ ಐಜಿಎ ಗಿಣ್ಣಿನ ಪಾಡಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿದರೆ ಸಾಕು.

ಅವಧಿಗೆ ಮೊದಲೇ ಹುಟ್ಟಿದ ಕೂಸುಗಳದು ಎರಡು ಪಟ್ಟು ಕಷ್ಟ. ಮಾಸಿನ ಮೂಲಕ ಬರಬೇಕಿದ್ದ ಕೊನೆಯ ತಿಂಗಳುಗಳ ಪಾಲು ತಪ್ಪಿರುತ್ತದೆ, ಹೀರಲು ಶಕ್ತಿ ಇರುವುದಿಲ್ಲ. ದೆಹಲಿಯಲ್ಲಿ ಇಂದಿರಾ ನಾರಾಯಣನ್ ಮತ್ತು ಸಂಗಡಿಗರು 1980 ಮತ್ತು 1984ರಲ್ಲಿ ಕಡಿಮೆ ತೂಕದ ಕೂಸುಗಳ ಮೇಲೆ ಮಾಡಿದ ಅಧ್ಯಯನಗಳು ಈ ಕ್ಷೇತ್ರದಲ್ಲಿ ಇಂದಿಗೂ ಹೆಸರಾದವು. ಕಾಯಿಸದ ತಾಯಿಹಾಲು ಕುಡಿದವುಗಳಲ್ಲಿ ಸೋಂಕು ಎಲ್ಲಕ್ಕಿಂತ ಕಡಿಮೆ. ಪಾಶ್ಚರೀಕರಿಸಿದ ಹಾಲಿಗೆ ಡಬ್ಬಿ ಹಾಲು ಸೇರಿಸಿ ಕೊಟ್ಟವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಅಮೆರಿಕದ ನ್ಯಾನ್ಸಿ ರಾಡ್ರಿಗೆಜ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ನುಂಗಲಾರದ ಕೂಸಿಗೂ ಗಂಟಲು ಇದೆಯಲ್ಲ? ಮೊದಲ ಹಾಲನ್ನು ಎರಡು ಗಂಟೆಗೊಮ್ಮೆ 0.2 ಮಿಲಿಲೀಟರ್, ಅಂದರೆ ಮೂರು ನಾಲ್ಕು ಹನಿ, ಕೆನ್ನೆಯ ಒಳಮೈಗೆ ಸವರುವ ಪದ್ಧತಿಯನ್ನು 2010ರ ಹೊತ್ತಿಗೆ ಅವರು ಪ್ರಯೋಗಿಸಿ ನೋಡಿದರು. ಈಗ ಅನೇಕ ನವಜಾತ ಶಿಶು ಘಟಕಗಳಲ್ಲಿ ಅದು ರೂಢಿ. ಬಚ್ಚಲಿಗೆ ಹೋಗುತ್ತಿದ್ದ ಹಳದಿ ಹನಿಯನ್ನು ಅಲ್ಲಿ ಸಿರಿಂಜಿನಲ್ಲಿ ಅಳೆದು ಇಡುತ್ತಾರೆ.

ತಾಯಿಗೆ ಹಾಲು ಬರದಿದ್ದರೆ, ತಾಯಿಯೇ ಇಲ್ಲದಿದ್ದರೆ ಇನ್ನೊಬ್ಬ ತಾಯಿಯ ಹಾಲು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ತೆರೆದರು. ಬೆಂಗಳೂರಿನಲ್ಲಿ 1935ರಿಂದ ಹೆರಿಗೆಗೆ ಹೆಸರಾದ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಶುರುವಾಯಿತು. ಇಂಥ ಬ್ಯಾಂಕುಗಳಲ್ಲಿ ದಾನಿ ತಾಯಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಪಾಶ್ಚರೀಕರಿಸಿ, ಮತ್ತೆ ಪರೀಕ್ಷಿಸಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಈ ಕಾವಿಗೆ ಐಜಿಎ ಸ್ವಲ್ಪ ಕುಗ್ಗಿದರೂ ಬಹುಪಾಲು ಉಳಿಯುತ್ತದೆ.

ಹಾಲು ಎಷ್ಟೇ ಒಳ್ಳೆಯದಾದರೂ ಲಸಿಕೆಯ ಕೆಲಸ ಲಸಿಕೆಯದೇ. ಗಂಟಲಿನ ನ್ಯುಮೊಕಾಕಸ್ ವಿರುದ್ಧದ ಪಿಸಿವಿ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ಇಡೀ ದೇಶಕ್ಕೆ ಬಂತು. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ತಾಯಿ ಕಾರ್ಡ್ ಒಯ್ದರೆ ಸಾಕು.

ಎದೆಯಲ್ಲಿ ಹಾಲು ಕಟ್ಟಿಕೊಂಡು, ಮಗುವಿಗೆ ಕುಡಿಸಿಯೂ ಮಿಕ್ಕು ಚೆಲ್ಲುತ್ತಿರುವ ತಾಯಂದಿರು ಈ ಬಡಾವಣೆಗಳಲ್ಲಿ ಇದ್ದೇ ಇದ್ದಾರೆ. ಅಂಥವರು ಹಾಲಿನ ದಾನದ ಬಗ್ಗೆ ತಮ್ಮ ಡಾಕ್ಟರನ್ನು ಕೇಳಿ, ಅಮೃತಧಾರೆಯವರನ್ನು ಒಮ್ಮೆ ವಿಚಾರಿಸಬೇಕು. ರಾಜಾಜಿನಗರದವರಿಗೆ ಹಸಿರು ಮಾರ್ಗದ ಮೆಟ್ರೊ ನೇರ. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಿಸಿದರೆ ಎರಡನೆಯ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ. ವಾಣಿವಿಲಾಸ ಅಲ್ಲಿಂದ ನಡೆಯುವಷ್ಟೇ ದೂರ.